ಕೈಹಿಡಿದು ನಡೆಸುವುದೆಷ್ಟು ದಿನ?

ಸಾಬೂನು, ಪ್ರೋಟೀನ್ ಪುಡಿ, ಅಡುಗೆಮನೆಯ ಡಬ್ಬಿಗಳು ಮೊದಲಾದ ಸರಕನ್ನು ಅಂಗಡಿಯ ಹಂಗಿಲ್ಲದೆ ಪರಿಚಯಸ್ಥರ ಮೂಲಕವೇ ಮಾರುವ ನೆಟ್‌ವರ್ಕ್ ಮಾರ್ಕೆಟಿಂಗ್ ಎಂಬ ವ್ಯವಹಾರವು ನಮ್ಮ ಮನೆಗಳೊಳಗೆ ಕಾಲಿರಿಸಿ ಎರಡು ದಶಕಗಳಿಗೂ ಮಿಕ್ಕಿದೆ. ತಾನು ಮಾರಿದ್ದಕ್ಕೆ ಲಾಭ. ತಾನು ಸೇರಿಸಿದವರು ಮಾರಿದರೆ ಅದರಲ್ಲಿಯೂ ಒಂದು ಪಾಲು. ಆದುದರಿಂದ ಇಲ್ಲಿ ತಂಡ ಕಟ್ಟುವ ಮಾತೇ ಮಾತು. ಆದರೆ ಕಟ್ಟಿದ ತಂಡವು ಕಟ್ಟಿದವರಿಲ್ಲದೆಯೂ ನಡೆಯಬಲ್ಲುದೇ ಎಂಬ ಪ್ರಶ್ನೆಯನ್ನು ಕೇಳುವವರು ವಿರಳ.

ಈ ಪ್ರಶ್ನೆಗೆ ಉತ್ತರವಾಗಿ ಅಮೆರಿಕದ ಒಬ್ಬ ಗೃಹಿಣಿಯ ವೃತ್ತಾಂತವಿದೆ. ಅರ್ಲ್ ಟಪ್ಪರ್ ಎಂಬಾತನು ಗಾಳಿಯಾಡದಂತೆ ಮುಚ್ಚುವ ಪ್ಲಾಸ್ಟಿಕ್ ಡಬ್ಬಿಗಳನ್ನು 1940ರ ದಶಕದಲ್ಲಿ ತಯಾರಿಸಿದನು. ಸರಕು ಉತ್ತಮವೇ; ಆದರೂ ಅಂಗಡಿಗಳಲ್ಲಿ ಬಿಕರಿಯಾಗಲಿಲ್ಲ. ಮುಚ್ಚಳದ ಅಂಚನ್ನೆತ್ತಿ ಒಳಗಿನ ಗಾಳಿಯನ್ನು ಹೊರಹಾಕುವ ಉಪಾಯವು ಕೊಳ್ಳುವವರಿಗೆ ತಿಳಿಯದು, ತೋರಿಸುವವರೂ ಇಲ್ಲ. ಗಂಡನಿಂದ ಬೇರೆಯಾಗಿ ಮಗನೊಬ್ಬನನ್ನು ಸಾಕುತ್ತಿದ್ದ ಬ್ರೌನಿ ವೈಸ್ ಎಂಬಾಕೆಯು ಅದೇ ಡಬ್ಬಿಗಳನ್ನು ಮನೆಗಳಲ್ಲಿ ನೆರೆಹೊರೆಯ ಹೆಂಗಸರನ್ನು ಕೂಡಿಸಿ, ಮುಚ್ಚಿ ತೋರಿಸಿ, ಅಂಗಡಿಗಳಿಗಿಂತ ಎಷ್ಟೋ ಹೆಚ್ಚಾಗಿ ಮಾರಿದಳು. 1951ರಲ್ಲಿ ಟಪ್ಪರ್ ತನ್ನ ಸರಕನ್ನು ಅಂಗಡಿಗಳಿಂದ ಹಿಂತೆಗೆದುಕೊಂಡು ಮಾರಾಟದ ಹೊಣೆಯನ್ನು ಆಕೆಗೊಪ್ಪಿಸಿದನು. 1954ರಲ್ಲಿ ‘ಬಿಸಿನೆಸ್ ವೀಕ್’ ಪತ್ರಿಕೆಯು ಆಕೆಯ ಚಿತ್ರವನ್ನು ಮುಖಪುಟದಲ್ಲಿ ಅಚ್ಚುಹಾಕಿತು. ಆ ಗೌರವ ಪಡೆದ ಮೊದಲ ಮಹಿಳೆ ಆಕೆ. 1958ರ ಜನವರಿಯಲ್ಲಿ ಅದೇ ಟಪ್ಪರ್ ಆಕೆಯನ್ನು ಕೆಲಸದಿಂದ ತೆಗೆದನು. ಕಂಪನಿಯ ಒಂದು ಷೇರೂ ಆಕೆಯ ಹೆಸರಿನಲ್ಲಿರಲಿಲ್ಲ. ಅದು ಅನ್ಯಾಯವೆಂದೇ ನಮ್ಮ ಭಾವನೆ.

ಇಲ್ಲಿ ಗಮನಿಸಬೇಕಾದುದು ಮತ್ತೊಂದಿದೆ. ನಾಯಕಿ ಹೋದಳು, ಮನೆಮನೆಯ ಕೂಟಗಳು ನಿಲ್ಲಲಿಲ್ಲ. ದಶಕಗಳ ಕಾಲ ದೇಶದೇಶಗಳಿಗೆ ಹರಡಿ, 1996ರಲ್ಲಿ ಭಾರತಕ್ಕೂ ಬಂದವು. (ಆ ಕಂಪನಿಯು 2024ರಲ್ಲಿ ದಿವಾಳಿ ಅರ್ಜಿ ಸಲ್ಲಿಸಿತಾದರೂ ಅದರ ಕಾರಣಗಳು ಬೇರೆ, ಕಾಲವೂ ಬೇರೆ.) ಇದು ಹೇಗೆ ಸಾಧ್ಯವಾಯಿತು? ಕೂಟವನ್ನು ನಡೆಸುವ ಹೆಂಗಸಿಗೆ ಡಬ್ಬಿ ಮುಚ್ಚುವುದು, ಬೆಲೆ ಹೇಳುವುದು, ಹಣ ಎಣಿಸುವುದು, ಮುಂದಿನ ಕೂಟಕ್ಕೆ ಮತ್ತೊಬ್ಬಳ ಮನೆಯನ್ನು ಗೊತ್ತುಮಾಡುವುದು, ಇವೆಲ್ಲವೂ ತಾನಾಗಿಯೇ ಬರುತ್ತಿದ್ದವು. ದೂರದ ಕಚೇರಿಯಲ್ಲಿ ಯಾರಿದ್ದರೂ ಇಲ್ಲದಿದ್ದರೂ ಅವಳ ಸಂಜೆಯ ವ್ಯಾಪಾರಕ್ಕೆ ತೊಡಕಿರಲಿಲ್ಲ.

ನಮ್ಮಲ್ಲಿ ಸಾಮಾನ್ಯವಾಗಿ ಕಾಣುವುದು ಇದಕ್ಕೆ ವಿರುದ್ಧವಾದ ರೀತಿ. ಹೊಸದಾಗಿ ಸೇರಿದ ಸೊಸೆಯೋ ನಾದಿನಿಯೋ ತನ್ನ ಪರಿಚಯಸ್ಥರ ಪಟ್ಟಿ ಬರೆದುಕೊಡುತ್ತಾಳೆ. ಮಾತನಾಡುವವರು ಅವಳನ್ನು ಸೇರಿಸಿದವರು, ಗಿರಾಕಿಯನ್ನು ಒಪ್ಪಿಸುವವರೂ ಅವರೇ. ತಿಂಗಳ ಕೊನೆಗೆ ಗುರಿ ಮುಟ್ಟದಿದ್ದರೆ ತನ್ನ ಹಣದಿಂದಲೇ ಸರಕು ಕೊಂಡು ಅಟ್ಟದ ಮೇಲಿಡುತ್ತಾಳೆ. ಲೆಕ್ಕದಲ್ಲಿ ಅದು ಮಾರಾಟವೆಂದೇ ಬರುತ್ತದೆ! ಸೇರಿಸಿದವರು ಆರು ತಿಂಗಳು ಮಗಳ ಬಾಣಂತನಕ್ಕೆಂದು ಊರು ಬಿಟ್ಟರೆ ಇಡೀ ತಂಡವೇ ಕಳಚಿ ಬೀಳುತ್ತದೆ. ಉಳಿಯುವುದು ಅಟ್ಟದ ಮೇಲಿನ ಪೆಟ್ಟಿಗೆಗಳು ಮತ್ತು ಬಂಧುಗಳ ನಡುವೆ ಮುಖ ತಪ್ಪಿಸಿ ಓಡಾಡುವ ಸಂಕಟ. ಬೀಗರು ಬಂದು ಕೇಳಿದರೆ ‘ಒಲ್ಲೆ’ ಎನ್ನುವುದು ನಮ್ಮ ಮನೆಗಳಲ್ಲಿ ಎಷ್ಟು ಕಷ್ಟವೆಂಬುದು ಎಲ್ಲರಿಗೂ ತಿಳಿದದ್ದೇ. ದಾಕ್ಷಿಣ್ಯಕ್ಕೆ ಕೊಂಡವರು ಮತ್ತೊಮ್ಮೆ ಕೊಳ್ಳುವುದಿಲ್ಲ.

ಆದುದರಿಂದ ತಂಡದ ಹಿರಿಯರು ಕಲಿಸುವ ಕ್ರಮವನ್ನೇ ಬದಲಾಯಿಸಬೇಕು. ಮೊದಲ ಎರಡು ಮೂರು ಸಲ ತಾವು ತೋರಿಸಲಿ. ಅನಂತರ ಹೊಸಬಳೇ ತೋರಿಸಲಿ, ತಾವು ಮೂಲೆಯಲ್ಲಿ ಕುಳಿತು ನೋಡಲಿ. ಅವಳು ತಡವರಿಸಿದಾಗ ಬಾಯಿ ಹಾಕದಿರುವುದೇ ಇಲ್ಲಿ ಅತ್ಯಂತ ಕಠಿಣವಾದ ಕೆಲಸ. ಗಿರಾಕಿಗಳ ಹೆಸರಿನ ಪುಸ್ತಕ ಅವಳದೇ ಕೈಬರಹದಲ್ಲಿ ಅವಳ ಬಳಿಯೇ ಇರಲಿ. ಬಸ್ಸಿನ ಖರ್ಚು, ಫೋನಿನ ಖರ್ಚು, ಸಭೆಯ ಶುಲ್ಕ, ಸ್ವಂತಕ್ಕೆ ಕೊಂಡ ಸರಕು, ಇವೆಲ್ಲವನ್ನೂ ಕಳೆದ ಮೇಲೆ ಉಳಿದದ್ದೆಷ್ಟು ಎಂಬುದನ್ನು ಪ್ರತಿ ತಿಂಗಳೂ ಅವಳೇ ಬರೆಯಲಿ. ವಾರದ ಸಭೆಯನ್ನು ಸರದಿಯಂತೆ ಒಬ್ಬೊಬ್ಬರು ನಡೆಸಲಿ. ಗುರಿಗಾಗಿ ಸರಕು ಕೊಳ್ಳುವುದನ್ನಂತೂ ಸ್ಪಷ್ಟವಾಗಿ ನಿಷೇಧಿಸಲಿ.

ತಂಡವನ್ನು ಹಿಗ್ಗಿಸುವ ಆಸೆಗೂ ಒಂದು ಮಿತಿಯುಂಟು. ಪ್ರತಿಯೊಬ್ಬರೂ ಆರು ಜನರನ್ನು ಸೇರಿಸಬೇಕೆಂಬ ಲೆಕ್ಕವನ್ನು ಹಿಡಿದು ಗುಣಿಸುತ್ತ ಹೋದರೆ ಹತ್ತನೆಯ ಮೆಟ್ಟಿಲಿನಲ್ಲಿ 6,04,66,176 ಜನ ಬೇಕಾಗುತ್ತಾರೆ. 2011ರ ಜನಗಣತಿಯಂತೆ ಕರ್ನಾಟಕದ ಜನಸಂಖ್ಯೆಯೇ ಸುಮಾರು 6 ಕೋಟಿ 11 ಲಕ್ಷ. ತೊಟ್ಟಿಲ ಕೂಸುಗಳನ್ನೂ ಬಿಡುವಂತಿಲ್ಲ! ಮೇಲಿನ ಮೆಟ್ಟಿಲುಗಳವರನ್ನೂ ಕೂಡಿಸಿದರೆ ರಾಜ್ಯವೇ ಸಾಲದು. ಜನರನ್ನು ಸೇರಿಸಿಯೇ ಗಳಿಸುವ ತಂಡವು ಎಂದಾದರೊಂದು ದಿನ ನಿಲ್ಲಲೇಬೇಕು. ಸರಕು ಮಾರಿ ಗಳಿಸುವ ತಂಡವು ಹತ್ತೇ ಜನರದ್ದಾದರೂ ನಡೆಯುತ್ತಿರುತ್ತದೆ.

ಕಾನೂನಿನ ದೃಷ್ಟಿಯೂ ಇದೇ. ಹಣ ಚಲಾವಣೆಯ ಯೋಜನೆಗಳನ್ನು 1978ರ ಕಾಯಿದೆಯು ನಿಷೇಧಿಸಿತು. 1979ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆಮ್ವೇ ಕಂಪನಿಯ ವಿಚಾರಣೆಯಲ್ಲಿ ಅದನ್ನು ಪಿರಮಿಡ್ ಯೋಜನೆಯಲ್ಲವೆಂದು ತೀರ್ಮಾನಿಸಿತು. ಕೊಂಡ ಸರಕಿನಲ್ಲಿ ಶೇ. 70ರಷ್ಟಾದರೂ ಮಾರಾಟವಾಗಿರಬೇಕು, ತಿಂಗಳಿಗೆ ಕನಿಷ್ಠ 10 ಗಿರಾಕಿಗಳಿಗೆ ಮಾರಿರಬೇಕು, ಮಾರಾಟವಾಗದ ಸರಕನ್ನು ಹಿಂದಕ್ಕೆ ಕೊಳ್ಳಬೇಕು ಎಂಬ ಕಂಪನಿಯ ನಿಯಮಗಳು ಆ ತೀರ್ಮಾನಕ್ಕೆ ಆಧಾರವಾದವು. (ಬೆಲೆ ಗೊತ್ತುಪಡಿಸಿದ ವಿಷಯದಲ್ಲಿ ಮಾತ್ರ ಕಂಪನಿಯು ತಪ್ಪಿತಸ್ಥವೆಂದಾಯಿತು.) ಭಾರತ ಸರ್ಕಾರವು 2021ರ ಡಿಸೆಂಬರ್ 28ರಂದು ಹೊರಡಿಸಿದ ನೇರ ಮಾರಾಟದ ನಿಯಮಗಳು ಪಿರಮಿಡ್ ಯೋಜನೆಗಳನ್ನು ನಿಷೇಧಿಸಿವೆ, ಗುರುತಿನ ಚೀಟಿ ಮತ್ತು ಮುಂಚಿತ ಒಪ್ಪಿಗೆಯಿಲ್ಲದೆ ಮಾರುವವರು ಗಿರಾಕಿಯ ಮನೆಗೆ ಹೋಗುವಂತಿಲ್ಲವೆಂದೂ ಹೇಳಿವೆ.

ಮುಂದಿನ ಸಲ ಬಂಧುಗಳಾರಾದರೂ ತಮ್ಮ ತಂಡಕ್ಕೆ ಸೇರೆಂದು ಕರೆದರೆ, ಅವರ ಆದಾಯವನ್ನು ಕೇಳುವ ಮೊದಲು ಗಿರಾಕಿಗಳ ಪುಸ್ತಕವನ್ನು ತೋರಿಸಲು ವಿನಯದಿಂದ ಕೇಳಿರಿ. ತಂಡಕ್ಕೆ ಸೇರದ ಹೊರಗಿನವರ ಹೆಸರುಗಳು ಅದರಲ್ಲಿ ಎಷ್ಟಿವೆ? ಅವರಲ್ಲಿ ಎರಡನೆಯ ಸಲ ಕೊಂಡವರೆಷ್ಟು ಜನ?