ಹಸಿರು ಚುಕ್ಕೆ ಆರಿದರೆ ಹುಡುಗ ಸೋಮಾರಿಯೇ?

2025ರ ಬಕ್ರೀದ್‌ಗೆ ಊರಿಗೆ ಬಂದಿದ್ದ ನಮ್ಮ ಕುಟುಂಬದ ಹುಡುಗನೊಬ್ಬ ಊಟದ ಮಧ್ಯೆ ಮೂರು ಸಲ ಮೊಬೈಲ್ ಹಿಡಿದು ಎದ್ದು ಹೋದ. "ಹಬ್ಬದ ದಿನವೂ ಯಾರ ಹತ್ರ ಮೋನೇ ಇಷ್ಟೊಂದು ಮಾತು?" ಅಂತ ಉಮ್ಮ ಗದರಿದರು. ಅವನು ಮಾತಾಡುತ್ತಿದ್ದದ್ದು ಯುರೋಪಿನಲ್ಲಿರುವ ಮೆಂಟರ್ ಜತೆ. ಬಿಟಿಎಂ ಲೇಔಟಿನ ಪಿಜಿಯಲ್ಲಿದ್ದುಕೊಂಡು ಎಂಜಿನಿಯರಿಂಗ್ ಓದುವ ಅವನು ಒಂದು ಓಪನ್ ಸೋರ್ಸ್ ಪ್ರಾಜೆಕ್ಟ್‌ಗೆ ಕೋಡ್ ಬರೆಯುತ್ತಿದ್ದ. ಚಾಟ್‌ನಲ್ಲಿ ಅವನ ಹೆಸರಿನ ಪಕ್ಕದ ಹಸಿರು ಚುಕ್ಕೆ ಆರಬಾರದು ಎಂಬುದೇ ಅವನ ಚಿಂತೆ.

ಓಪನ್ ಸೋರ್ಸ್ ಅಂದರೆ ಮೂಲ ಕೋಡನ್ನು ಎಲ್ಲರಿಗೂ ತೆರೆದಿಟ್ಟ ತಂತ್ರಾಂಶ. ಯಾರು ಬೇಕಾದರೂ ತಿದ್ದಬಹುದು, ಸೇರಿಸಬಹುದು. ಗೂಗಲ್ ಸಮ್ಮರ್ ಆಫ್ ಕೋಡ್ 2005ರಿಂದ ವಿದ್ಯಾರ್ಥಿಗಳನ್ನು ಇಂಥ ಪ್ರಾಜೆಕ್ಟ್‌ಗಳಿಗೆ ಜೋಡಿಸುತ್ತಿದೆ. 2022ರಿಂದ ವಿದ್ಯಾರ್ಥಿಗಳಲ್ಲದ ಹೊಸಬರಿಗೂ ಅವಕಾಶ ಸಿಕ್ಕಿದೆ. ಹಲವು ವರ್ಷಗಳಿಂದ ಆಯ್ಕೆಯಾಗುವವರಲ್ಲಿ ಭಾರತದವರೇ ಹೆಚ್ಚು. ಮಧ್ಯದಲ್ಲೊಂದು, ಕೊನೆಗೊಂದು ಮೌಲ್ಯಮಾಪನ. ಪಾಸಾದರೆ ಮಾತ್ರ ಹಣ. ಬನಶಂಕರಿ, ಕುಮಾರಸ್ವಾಮಿ ಲೇಔಟ್ ಕಡೆಯ ಕಾಲೇಜುಗಳಲ್ಲಿ ಓದುವ ನಮ್ಮ ಕರಾವಳಿಯ ಮಕ್ಕಳಿಗೆ ಶಿಫಾರಸಿಲ್ಲದೆ ತೆರೆಯುವ ಬಾಗಿಲು ಇದು.

ಸಂಪರ್ಕದಲ್ಲಿರಿ ಎಂದು ಮೆಂಟರ್‌ಗಳು ಹೇಳುವುದು ತಪ್ಪಲ್ಲ. ಅವರಲ್ಲಿ ಹೆಚ್ಚಿನವರು ಸ್ವಯಂಸೇವಕರು, ತಮ್ಮ ಕೆಲಸ ಮುಗಿಸಿ ಉಳಿದ ಹೊತ್ತನ್ನು ಕೊಡುವವರು. ಹುಡುಗ ಹತ್ತು ದಿನ ಪತ್ತೆಯಿಲ್ಲ ಅಂದ್ರೆ ಅವರೇನು ತಿಳಿಯಬೇಕು? ಆದರೆ ಸಂಪರ್ಕದಲ್ಲಿರುವುದು ಬೇರೆ, ಸದಾ ಕೈಗೆ ಸಿಗುವುದು ಬೇರೆ. ಕೆಲಸ ನೋಡದೆ ಚುಕ್ಕೆ ನೋಡಿ ಶ್ರದ್ಧೆ ಅಳೆಯುವುದನ್ನು ನಾವು ಒಪ್ಪುವುದಿಲ್ಲ.

ಗಡಿಯಾರವನ್ನೇ ನೋಡಿ. ಬೇಸಿಗೆಯಲ್ಲಿ ಜರ್ಮನಿಯ ರಾತ್ರಿ 9 ಗಂಟೆ ಅಂದರೆ ನಮ್ಮಲ್ಲಿ 12.30. ಕ್ಯಾಲಿಫೋರ್ನಿಯಾದ ಬೆಳಿಗ್ಗೆ 10 ನಮ್ಮ ರಾತ್ರಿ 10.30. ಮೂವರು ಮಲಗುವ ಪಿಜಿ ರೂಮಿನಲ್ಲಿ ನಡುರಾತ್ರಿ ಲ್ಯಾಪ್‌ಟಾಪ್ ತೆರೆದರೆ ಪಕ್ಕದವನಿಗೂ ನಿದ್ದೆಯಿಲ್ಲ. ಕೋಡ್ ಬರೆಯುವ ಜೂನ್-ಜುಲೈಯಲ್ಲೇ ಹೆಚ್ಚಾಗಿ ವಿಟಿಯು ಪರೀಕ್ಷೆಗಳೂ ಬರುತ್ತವೆ.

ಕಾಯಲು ಕಲಿತ ಪ್ರಾಜೆಕ್ಟ್‌ಗಳೂ ಇವೆ. 1991ರಲ್ಲಿ ಶುರುವಾದ ಲಿನಕ್ಸ್ ಕರ್ನಲ್‌ನ ಕೆಲಸ ಇವತ್ತಿಗೂ ಬಹುಪಾಲು ಇಮೇಲ್‌ನಲ್ಲೇ ನಡೆಯುತ್ತದೆ; ಉತ್ತರ ಮರುದಿನ ಬಂದರೂ ಯಾರೂ ಮೂಗು ಮುರಿಯುವುದಿಲ್ಲ. ಝುಲಿಪ್ ಎಂಬ ಓಪನ್ ಸೋರ್ಸ್ ಚಾಟ್‌ನಲ್ಲಿ ಪ್ರತಿ ಮಾತೂ ಒಂದೊಂದು ವಿಷಯದಡಿ ಕೂರುತ್ತದೆ. ನಿದ್ದೆ ಮುಗಿಸಿ ಬಂದವನು ತನಗೆ ಬೇಕಾದದ್ದನ್ನಷ್ಟೇ ಓದಿ ಉತ್ತರಿಸಬಹುದು. ಜಗತ್ತಿನ ಮೂಲೆಮೂಲೆಯಿಂದ ಜನ ಬೇಕು ಅನ್ನುವ ಪ್ರಾಜೆಕ್ಟ್, ಅವರೆಲ್ಲ ಒಂದೇ ಹೊತ್ತಿಗೆ ಎಚ್ಚರವಿರಬೇಕು ಅನ್ನುವುದು ಯಾವ ನ್ಯಾಯ?

ಇನ್ನು ನಮ್ಮ ಮಕ್ಕಳ ತಪ್ಪು. ಆ ಹುಡುಗ ಪರೀಕ್ಷೆ ಅಂತ ಎಂಟು ದಿನ ಚಾಟ್ ತೆರೆಯಲಿಲ್ಲ, ಮೊದಲೇ ಹೇಳಿಯೂ ಇರಲಿಲ್ಲ. ಆಮೇಲೆ ಬರೆಯಲು ನಾಚಿಕೆ. ಒಂಬತ್ತನೇ ದಿನ ಇನ್ನಷ್ಟು ನಾಚಿಕೆ. ಹಾಗೇ ಪ್ರಾಜೆಕ್ಟ್ ಕೈತಪ್ಪಿತು. "ಹೇಳಿದ್ರೆ ಏನಂದುಕೊಳ್ತಾರೋ ಅಂತ ಸುಮ್ನಾದೆ" ಅಂದ. ಸಾರ್ ಎದುರು ಕೈಕಟ್ಟಿ ನಿಂತು ಕಲಿತ ಮಕ್ಕಳಿಗೆ "ನಾನು ಸೋಮವಾರದವರೆಗೆ ಸಿಗುವುದಿಲ್ಲ" ಅನ್ನುವುದು ಉದ್ಧಟತನದ ಹಾಗೆ ಕಾಣುತ್ತದೆ. ಗೊತ್ತಿಲ್ಲದ್ದನ್ನು ಎಲ್ಲರೂ ನೋಡುವ ಕಡೆ ಕೇಳಲೂ ಅಂಜಿಕೆ. ಮೆಂಟರ್‌ಗೆ ಖಾಸಗಿಯಾಗಿ ಮೆಸೇಜ್ ಹಾಕಿ ಅವರೊಬ್ಬರ ಉತ್ತರಕ್ಕೆ ಕಾಯುತ್ತಾರೆ. ಎಲ್ಲರೆದುರು ಕೇಳಿದ್ದರೆ ಎಚ್ಚರವಿರುವ ಇನ್ಯಾರೋ ಹೇಳುತ್ತಿದ್ದರು.

ಪರೀಕ್ಷೆಯ ದಿನ, ಹಬ್ಬದ ದಿನ, ರಾತ್ರಿ ಎಷ್ಟು ಗಂಟೆಯವರೆಗೆ ಸಿಗುತ್ತೇನೆ ಎಂಬುದನ್ನು ಅರ್ಜಿಯಲ್ಲೇ ಬರೆಯಬೇಕು. ಆ ವರ್ಷ ಅರ್ಜಿ ಹಾಕುವ ಅವಧಿ ಮಾರ್ಚ್ 24ರಿಂದ ಏಪ್ರಿಲ್ 8. ನಡುವೆ ಮಾರ್ಚ್ 31ಕ್ಕೆ ಈದುಲ್ ಫಿತ್ರ್. ಬರ್ಲಿನ್‌ನಲ್ಲಿ ಕೂತವರಿಗೆ ನಮ್ಮ ಪರೀಕ್ಷೆ, ಹಬ್ಬ ಹೇಗೆ ಗೊತ್ತಾಗಬೇಕು, ನಾವೇ ಹೇಳಬೇಕಲ್ಲ? ಪ್ರಾಜೆಕ್ಟ್‌ನವರೂ ವಾರಕ್ಕೆ ಎಷ್ಟು ಸಲ ವರದಿ ಬೇಕು, ಎಷ್ಟು ದಿನದ ಮೌನವನ್ನು ಗೈರುಹಾಜರಿ ಅಂತ ಎಣಿಸುತ್ತಾರೆ ಎಂಬುದನ್ನು ಮೊದಲ ದಿನವೇ ಬರೆದು ಕೊಡಲಿ.

ಜಯನಗರ, ಜೆಪಿ ನಗರದಲ್ಲಿ ನೆಲೆಸಿ ಐಟಿಯಲ್ಲಿ ದುಡಿಯುವ ನಮ್ಮವರು ಬಹಳ ಮಂದಿ ಇದ್ದಾರೆ. ವಿದೇಶಿ ಟೀಮ್‌ಗಳಿಗೆ "ಇವತ್ತು ಆಗಲ್ಲ, ನಾಳೆ ಕೊಡ್ತೇನೆ" ಅಂತ ಹೇಗೆ ಬರೆಯಬೇಕೆಂದು ಅವರಿಗೆ ಚೆನ್ನಾಗಿ ಗೊತ್ತು. ಪಿಜಿ ಮಕ್ಕಳನ್ನು ಒಂದು ಭಾನುವಾರ ಮನೆಗೆ ಕರೆದು, ಊಟ ಹಾಕಿ, ಅವರ ಅಂಥ ಮೊದಲ ಮೆಸೇಜನ್ನು ಪಕ್ಕದಲ್ಲಿ ಕೂತು ಬರೆಸಲಿ. ಅರ್ಜಿಯ ಕಾಲಕ್ಕೆ ಮೊದಲೇ, ಜನವರಿ-ಫೆಬ್ರವರಿಯಲ್ಲಿ ಕರೆದರೆ ಇನ್ನೂ ಒಳ್ಳೆಯದು.