ಲೆಕ್ಕ ಎಲ್ಲರ ಕಿವಿಗೂ ಬೀಳಲಿ



ಸ್ವಸಹಾಯ ಸಂಘ ಕಟ್ಟುವ ಕೈಪಿಡಿ, ಲೆಕ್ಕದ ನಮೂನೆಗಳು ಇಂದು ಮೊಬೈಲಿನಲ್ಲೇ ಸಿಗುತ್ತವೆ. ಅವುಗಳ ಸಾರ ಐದೇ ಸೂತ್ರ: ತಪ್ಪದೆ ಸಭೆ, ತಪ್ಪದೆ ಉಳಿತಾಯ, ಸದಸ್ಯರೊಳಗೇ ಸಾಲ, ಸಕಾಲಕ್ಕೆ ಮರುಪಾವತಿ, ಸರಿಯಾದ ಲೆಕ್ಕಪತ್ರ.

ಆದರೂ ಸಂಘಗಳು ಒಡೆಯುತ್ತವೆ. ನಾನು ಕಂಡ ಒಂದು ಸಂಘ ಒಡೆದದ್ದು ಹಣದ ಕೊರತೆಯಿಂದಲ್ಲ. ಲೆಕ್ಕದ ಪುಸ್ತಕ ಒಬ್ಬರ ಪೆಟ್ಟಿಗೆಯಲ್ಲೇ ಉಳಿಯಿತು. ಓದುಬಾರದ ತಾಯಂದಿರು ಕೇಳಲು ಸಂಕೋಚಪಟ್ಟರು. ಸಂಕೋಚ ಸಂಶಯವಾಯಿತು, ಸಂಶಯ ಜಗಳವಾಯಿತು.

ನಮ್ಮ ಜಹೀರಾಬಾದ್ ಬಳಿಯ ಪಸ್ತಾಪುರವನ್ನು ನೋಡಿ. 1983ರಲ್ಲಿ ಆರಂಭವಾದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘಗಳಲ್ಲಿ ಅಕ್ಷರ ಬಾರದ ದಲಿತ ಮಹಿಳೆಯರು ಅನೇಕ. ಅವರೇ ಬೀಜ ಬ್ಯಾಂಕ್ ಕಟ್ಟಿದರು. 2008ರ ಅಕ್ಟೋಬರ್ 15ರಂದು ಮಾಚನೂರಿನಲ್ಲಿ ಅವರ 'ಸಂಘಂ ರೇಡಿಯೋ' ಆರಂಭವಾಯಿತು. ಓದುಬಾರದವರಿಗೂ ಅಲ್ಲಿ ದನಿ ಸಿಕ್ಕಿತು.

ನಾರಾಯಣಖೇಡ, ತಾಂಡೂರು ಕಡೆಯ ನಮ್ಮ ಮನೆಗಳಲ್ಲೂ ಇದು ಸಾಧ್ಯ. ಓದಿದ ಮಕ್ಕಳು ಕೈಪಿಡಿಯನ್ನು ತೆರೆದು, ಮನೆಮಾತಿನಲ್ಲಿ ಹೇಳಲಿ. ಪ್ರತಿ ಸಭೆಯಲ್ಲೂ ಲೆಕ್ಕವನ್ನು ಗಟ್ಟಿಯಾಗಿ ಓದಲಿ. ಹಿಂದೆ ಕುಳಿತ ಅಜ್ಜಿ "ನನ್ನ ಹತ್ತು ರೂಪಾಯಿ ಎಲ್ಲಿ ಬಂತಪ್ಪಾ?" ಎಂದು ಕೇಳಿದರೆ ಬೇಸರ ಬೇಡ. ಅಂಥ ಪ್ರಶ್ನೆಯೇ ಸಂಘವನ್ನು ಕಾಯುತ್ತದೆ.