ಅದು ಫಾಲ್ಸ್ ಅಲ್ಲ, ಕಟ್ಟೆ!

ಮಳೆಗಾಲದ ಭಾನುವಾರ ಕೆ.ಆರ್.ಪೇಟೆ ಬಸ್ ಸ್ಟ್ಯಾಂಡಿನಲ್ಲಿ ಬೆನ್ನಿಗೆ ಬ್ಯಾಗು ಏರಿಸಿದ ಹುಡುಗರು ಕಂಡರೆ ಕೇಳಬೇಕಾದ್ದಿಲ್ಲ, ಹೊರಟಿರುವುದು ಹೇಮಗಿರಿಗೆ. ಬೆಟ್ಟ ಹತ್ತುವುದು, ವೆಂಕಟರಮಣಸ್ವಾಮಿಗೆ ಕೈ ಮುಗಿಯುವುದು, ಇಳಿದು ಬಂದು ‘ಫಾಲ್ಸ್’ನಲ್ಲಿ ಸ್ನಾನ. ಹೋಗಲಿ ಬಿಡಿ, ಬೇಡ ಅನ್ನುವವರು ನಾವಲ್ಲ. ವಾರವೆಲ್ಲ ಗಲ್ಲಾಪೆಟ್ಟಿಗೆ ಮುಂದೆ ಕೂತವನಿಗೂ ಒಂದು ದಿನ ಕಾಡು ಮೇಡು ಸುತ್ತುವುದು ಬೇಕಾದ್ದೇ.

ಆದರೆ ಒಂದು ಮಾತು. ನಮ್ಮ ಕಡೆ ಬೆಟ್ಟಕ್ಕೆ ಕೊರತೆಯಿಲ್ಲ. ಪಾಂಡವಪುರದ ಕುಂತಿ ಬೆಟ್ಟವಿದೆ, ಮೇಲುಕೋಟೆಯಿದೆ. ಮಲೆನಾಡಿನಂಥ ಜಲಪಾತ ಮಾತ್ರ ಇಲ್ಲ. ಹೇಮಗಿರಿಯಲ್ಲಿ ಹೇಮಾವತಿ, ಶ್ರೀರಂಗಪಟ್ಟಣ ತಾಲ್ಲೂಕಿನ ಬಲಮುರಿಯಲ್ಲಿ ಕಾವೇರಿ ಹಾಲಿನ ಹಾಗೆ ಇಳಿಯುವುದು, ನಾಲೆಗೆ ನೀರು ತಿರುಗಿಸಲು ಹಿಂದಿನವರು ಹೊಳೆಗೆ ಅಡ್ಡ ಹಾಕಿದ ಕಲ್ಲುಕಟ್ಟೆಯ ಮೇಲಿಂದ.

ಕಟ್ಟೆಯ ಗುಣವೇ ಬೇರೆ. ಮೇಲುಗಡೆ ನೀರು ಕೆರೆಯಂತೆ ತೆಪ್ಪಗೆ ನಿಂತಿರುತ್ತೆ; ಮಗುವೂ ದಾಟೀತು ಅನಿಸುತ್ತೆ. ಕಲ್ಲಿನ ಮೇಲೆ ಪಾಚಿ. ಬೀಳುವ ನೀರು ವರ್ಷಾನುಗಟ್ಟಲೆ ಕೊರೆದು ಕೆಳಗೆ ಗುಂಡಿ ಮಾಡಿರುತ್ತೆ. ಅಲ್ಲಿ ಸುತ್ತುವ ನೀರು ಬಿದ್ದವನನ್ನು ಮತ್ತೆ ಕಟ್ಟೆಯ ಬುಡಕ್ಕೇ ಎಳೆಯುತ್ತೆ. ಈಜು ಬಲ್ಲವನೂ ಸೋಲುವುದು ಇಲ್ಲೇ.

ಇದರ ಮೇಲೆ, ಹೇಮಗಿರಿಯ ಹಿಂದೆ ಗೊರೂರು ಡ್ಯಾಮು, ಬಲಮುರಿಯ ಹಿಂದೆ ಕನ್ನಂಬಾಡಿ. ಇಲ್ಲಿ ಬಿಸಿಲು ಕಾಯುತ್ತಿದ್ದರೂ ಸಕಲೇಶಪುರದಲ್ಲಿ, ಕೊಡಗಿನಲ್ಲಿ ಸುರಿದ ಮಳೆ ಗೇಟು ದಾಟಿ ಬಂದುಬಿಡುತ್ತೆ. 2025ರಲ್ಲಿ ಕನ್ನಂಬಾಡಿ ಜೂನ್ ಕೊನೆಗೇ ತುಂಬಿತು. ‘ಶ್ರಾವಣಕ್ಕೆ ತಾನೆ ನೀರು’ ಅಂದುಕೊಂಡವರ ಲೆಕ್ಕ ತಲೆಕೆಳಗಾಯಿತು.

ಗೇಟು ತೆಗೆಯುವಾಗ ನದಿ ದಂಡೆಯವರಿಗೆ ಎಚ್ಚರಿಕೆ ಕೊಡುವುದುಂಟು. ಅದು ಊರವರಿಗೆ ಮುಟ್ಟೀತು. ಬೆಳಿಗ್ಗೆ ಬೆಂಗಳೂರು ಬಿಟ್ಟು ಬಂದವನಿಗೆ ಮುಟ್ಟುವುದು ಹೇಗೆ? ಕಟ್ಟೆಯ ಬಳಿಯೇ ಒಂದು ಸೈರನ್, ಗುಂಡಿಯ ಕಡೆ ಹೋಗದಂತೆ ಹಗ್ಗ, ಭಾನುವಾರಕ್ಕಾದರೂ ಊರಿನ ಇಬ್ಬರು ಈಜುಗಾರರಿಗೆ ದಿನಗೂಲಿ. ಇದಕ್ಕೆ ಕೋಟಿ ರೂಪಾಯಿ ಯೋಜನೆಯೇನೂ ಬೇಡ. ಬೋರ್ಡು ನೆಟ್ಟು ಕೈತೊಳೆದುಕೊಂಡರೆ ಅದನ್ನು ಓದುವವರಾರು? ಒರಗಿಕೊಂಡು ಫೋಟೋ ತೆಗೆಸಿಕೊಳ್ಳುತ್ತಾರೆ, ಅಷ್ಟೆ. ಸಂಬಂಧಪಟ್ಟವರು ಇತ್ತ ನೋಡಬೇಕು.

ಅಲ್ಲಿಯವರೆಗೆ, ದಂಡೆಯಲ್ಲಿ ಚುರುಮುರಿ, ಸೌತೆಕಾಯಿ ಮಾರುವ ಅಣ್ಣತಮ್ಮಂದಿರಲ್ಲಿ ಒಂದು ವಿನಂತಿ. ಹೊಳೆ ಕೆಂಪಗಾದದ್ದು ಮೊದಲು ಕಾಣುವುದು ನಿಮ್ಮ ಕಣ್ಣಿಗೇ. ನಾಲ್ಕು ಪೊಟ್ಟಣದ ವ್ಯಾಪಾರ ಹೋದರೂ ಹೋಗಲಿ, ‘ಮೇಲಕ್ಕೆ ಬನ್ರಪ್ಪಾ’ ಅಂತ ಒಂದು ಕೂಗು ಹಾಕಿ.